ಟ್ರೆಬಲ್ ನಾಬಿನ ಬಿಳಿ ಗೆರೆ

ಶುಂಠಿ ತೊಳೆಯುವ ದಿನ ಕಾಳಮ್ಮ ಗಂಡನ ಆಂಪ್ಲಿಫೈಯರಿನ ವಾಲ್ಯೂಮ್ ನಾಬನ್ನು ಕಳೆದುಹಾಕಿದಳು. ಆಂಪ್ಲಿಫೈಯರಿನ ನಾಬು ಅವಳ ಸೊಂಟದ ಎಲೆಅಡಿಕೆ ಚೀಲದಲ್ಲಿ ಯಾಕಿತ್ತು ಎನ್ನುವುದನ್ನು ಹೇಳಬೇಕಾದರೆ ಮೊದಲು ಅವಳ ಗಂಡ ದೇವರಾಜುವಿನ ವಿಷಯ ಹೇಳಬೇಕು.

ಹಾರಂಗಿ ನಾಲೆಯ ಕೆಳಗೆ, ಬಸ್ಸು ಸಿಕ್ಕಿದರೆ ಕುಶಾಲನಗರಕ್ಕೆ ಹತ್ತಿರ, ತಪ್ಪಿದರೆ ದೂರ ಎನ್ನುವಂಥ ಊರು ಅವರದು. ದೇವರಾಜುವಿನ ಅಪ್ಪ ನಾಲೆಯ ನೀರನ್ನು ನಂಬಿ ಹಾಸನದ ಕಡೆಯಿಂದ ಬಂದು ನೆಲೆನಿಂತವನು. ಮಗನಿಗೆ ಮಾತ್ರ ನೀರಿಗಿಂತ ಸದ್ದಿನ ಮೇಲೆ ಮನಸ್ಸು. ಮೀಸೆ ಸರಿಯಾಗಿ ಮೂಡುವ ಮೊದಲೇ ಒಂದು ಆಂಪ್ಲಿಫೈಯರು, ಎರಡು ಕಹಳೆ ಸ್ಪೀಕರು, ಒಂದು ಮೈಕು ಹೊಂದಿಸಿಕೊಂಡು ಮದುವೆ, ನಾಮಕರಣ, ತಿಥಿ, ಚುನಾವಣೆ ಒಂದನ್ನೂ ಬಿಡದೆ ಸುತ್ತಿದ. ಮೈಕ್‌ಸೆಟ್ ದೇವರಾಜು ಎಂದರೆ ಪಿರಿಯಾಪಟ್ಟಣದವರೆಗೂ ಗೊತ್ತಿತ್ತು. ಕಾಳಮ್ಮನನ್ನು ಅವನು ಮೊದಲು ನೋಡಿದ್ದು ಒಂದು ಮದುವೆಮನೆಯ ಹಲಸಿನ ಮರದ ಮೇಲಿಂದ. ಅವನು ಕಹಳೆ ಕಟ್ಟುತ್ತಿದ್ದ, ಅವಳು ಕೆಳಗೆ ನಿಂತು, "ಆ ಕಡೆ ತಿರುಗಿಸಿ ಕಟ್ಟಿ, ನಮ್ಮಜ್ಜಿ ಈ ಕೋಣೇಲಿ ಮಲಗೈತೆ" ಎಂದು ಗದರಿದ್ದಳು. ಅವನು ತಿರುಗಿಸಿ ಕಟ್ಟಿದ. ಮುಂದಿನ ವರ್ಷ ಹುಡುಗಿ ಕೇಳಲು ಅದೇ ಮನೆಗೆ ಬಂದ.

ಆಳೆತ್ತರದ ಡೀಜೆ ಬಾಕ್ಸುಗಳು ಬಂದ ಮೇಲೆ ಕಹಳೆಗಳನ್ನು ಕೇಳುವವರಿಲ್ಲವಾಯಿತು. ದೇವರಾಜು ಅವನ್ನು ಗುಜರಿಗೆ ಕೊಟ್ಟ. ಆಂಪ್ಲಿಫೈಯರನ್ನು ಮಾತ್ರ ಕೊಡಲಿಲ್ಲ. ಜಗಲಿಯ ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಅದು, ಪಕ್ಕದಲ್ಲಿ ಒಂದು ಮರದ ಸ್ಪೀಕರು. ಮುಖದ ಮೇಲೆ ಕಂದು ಬಣ್ಣದ ಐದು ನಾಬು, ಪ್ರತಿಯೊಂದಕ್ಕೂ ಒಂದು ಬಿಳಿ ಗೆರೆ. ಎರಡು ಮೈಕಿಗೆ, ಒಂದು ದಪ್ಪ ದನಿಯ ಬೇಸ್‌ಗೆ, ಒಂದು ತೆಳು ದನಿಯ ಟ್ರೆಬಲಿಗೆ, ಕೊನೆಯದು ವಾಲ್ಯೂಮಿಗೆ. ಬೆಳಿಗ್ಗೆ ರೇಡಿಯೋ, ಮಧ್ಯಾಹ್ನ ಸೊಸೆ ರಂಜಿತಾ ತುಂಬಿಸಿಕೊಟ್ಟ ಪೆನ್‌ಡ್ರೈವಿನ ಹಾಡು.

ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಸದ್ದು ಏರತೊಡಗಿದಾಗ. ಮೊದಮೊದಲು ಜಗಲಿಗೆ ಕೇಳುವಷ್ಟಿದ್ದ ರೇಡಿಯೋ ಕೊಟ್ಟಿಗೆಗೆ ಕೇಳುವಂತಾಯಿತು, ಆಮೇಲೆ ಗದ್ದೆಗೆ, ಆಮೇಲೆ ನಾಲೆಯ ಆಚೆ ದಡದ ಸಣ್ಣಿಯ ಮನೆಗೆ. ಸಣ್ಣಿ ಒಂದು ದಿನ ಬಂದು, "ಅಕ್ಕಾ, ಬೆಳಿಗ್ಗೆ ವಾರ್ತೆ ನಮ್ಮನೇಲೂ ಆಯ್ತದೆ, ನಾವು ರೇಡಿಯೋ ಮಾರ್‌ಬಿಡ್ತೀವಿ" ಎಂದು ನಕ್ಕು ಹೋದಳು. ಕಾಳಮ್ಮನಿಗೆ ನಗು ಬರಲಿಲ್ಲ. "ಏನ್ರೀ, ಒಸಿ ಸಣ್ಣಕ್ಕೆ ಮಾಡಿ" ಎಂದರೆ ಗಂಡ "ಹ್ಞೂಂ" ಎನ್ನುವನು, ಮಾಡುವವನಲ್ಲ. ಎರಡನೆಯ ಸಲ ಹೇಳಿದರೂ ಹ್ಞೂಂ. ಈಚೆಗಂತೂ ಏನು ಹೇಳಿದರೂ ಹ್ಞೂಂ. ಕಾಫಿ ಕೊಟ್ಟರೂ ಹ್ಞೂಂ, ಬೈದರೂ ಹ್ಞೂಂ. ಒಂದು ದಿನ ತಾಳ್ಮೆಗೆಟ್ಟು ಅವಳೇ ಎದ್ದು ಹೋಗಿ ಸದ್ದು ತಗ್ಗಿಸಿ, ವಾಲ್ಯೂಮಿನ ನಾಬನ್ನು ಹಿಡಿದೆಳೆದಳು. ಅದು ಸಲೀಸಾಗಿ ಕೈಗೆ ಬಂತು. ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಗದ್ದೆಗೆ ಹೊರಟೇಬಿಟ್ಟಳು.

ಅಲ್ಲಿಂದ ಅದೇ ರೂಢಿಯಾಯಿತು. ಸದ್ದು ಏರಿದರೆ ನಾಬು ಕಾಳಮ್ಮನ ಸೊಂಟಕ್ಕೆ. ಅವಳು ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಅದನ್ನು ಅವನ ಕಾಫಿ ಲೋಟದ ಪಕ್ಕ ಇಡುವಳು. ಅವನು ಏನೂ ಆಗದವನಂತೆ ಎತ್ತಿ ಸಿಕ್ಕಿಸಿಕೊಳ್ಳುವನು. ಮಗ ಧರ್ಮೇಶ್, ಸೊಸೆ ರಂಜಿತಾ ಇಬ್ಬರಿಗೂ ಇದೊಂದು ಮೋಜು.

ಶುಂಠಿ ತೊಳೆಯುವ ದಿನ ಚೀಲದ ದಾರ ಕಿತ್ತುಹೋಯಿತು. ಪಂಪಿನ ನೀರು ಧುಮುಕುವ ಜಾಗ, ಮೊಣಕಾಲುದ್ದ ಕೆಸರು. ಚೀಲ ಸಿಕ್ಕಿತು. ಸುಣ್ಣದ ಡಬ್ಬಿ ಸಿಕ್ಕಿತು. ನಾಬು ಮಾತ್ರ ಕೆಸರಿನಲ್ಲಿ ಹೂತುಹೋಯಿತೋ, ಶುಂಠಿಯ ಜೊತೆ ಲಾರಿ ಹತ್ತಿತೋ ತಿಳಿಯಲಿಲ್ಲ. ಮರುದಿನವೂ ಒಬ್ಬಳೇ ಹೋಗಿ ಬೆರಳು ಬಿಳಿಚುವ ತನಕ ಕೆಸರು ತಡಕಾಡಿ ಬಂದಳು.

ಕಳೆದುಹೋಯಿತೆಂದು ಹೇಳಿದಾಗ ದೇವರಾಜು ಬೈಯಲಿಲ್ಲ. ಅವಳು ತೋಯ್ದ ಸೆರಗು ಹಿಂಡುತ್ತಾ ನಿಂತದ್ದನ್ನು ನೋಡಿ ಏನೋ ಅರ್ಥಮಾಡಿಕೊಂಡವನಂತೆ "ಹ್ಞೂಂ, ಹೋಗ್ಲಿ ಬುಡು" ಎಂದು ಒಳಗೆ ಹೋಗಿ ಇಕ್ಕಳ ತಂದ. ನಾಬಿಲ್ಲದ ಬೋಳು ಕಡ್ಡಿಯನ್ನು ಅದರಲ್ಲಿ ಕಚ್ಚಿ ತಿರುಗಿಸಿ ರೇಡಿಯೋ ಹಚ್ಚಿಕೊಂಡ. ಬೈದಿದ್ದರೆ ಕಾಳಮ್ಮ ಎರಡು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದಳು. ದಿನಾ ಬೆಳಿಗ್ಗೆ ಅವನು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಇಕ್ಕಳ ಹಿಡಿದು ತನ್ನ ಪ್ರೀತಿಯ ಸೆಟ್ಟನ್ನು ಕುಯ್ ಕುಯ್ ಎನ್ನಿಸುವುದನ್ನು ನೋಡುವುದು ಅವಳಿಂದ ಆಗಲಿಲ್ಲ.

ಗಂಡನಿಗೆ ಹೇಳದೆ ಕುಶಾಲನಗರಕ್ಕೆ ಹೋದಳು. ಬಸ್‌ಸ್ಟ್ಯಾಂಡಿನ ಹತ್ತಿರ ರಿಮೋಟು, ಚಾರ್ಜರು ಮಾರುವ ಶಶಿಧರನ ಅಂಗಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ನಾಬು ಸಿಕ್ಕಿತು. ಮನೆಗೆ ತಂದು ದೇವರಾಜು ಸ್ನಾನಕ್ಕೆ ಹೋದಾಗ ಸಿಕ್ಕಿಸಲು ನೋಡಿದರೆ ಒಳಗೇ ಹೋಗಲೊಲ್ಲದು. ರಂಜಿತಾ ಮೊಬೈಲಿನ ಬೆಳಕು ಬಿಟ್ಟು ನೋಡಿದಳು.

"ಅತ್ತೆ, ಇದರ ತೂತು ಅರ್ಧಚಂದ್ರ ಇದ್ದಂಗೈತೆ. ಒಂದು ಕಡೆ ಚಪ್ಪಟೆ. ಮಾವನ ಸೆಟ್ಟಿನ ಕಡ್ಡಿ ಪೂರ್ತಿ ದುಂಡಗೈತಲ್ಲ, ಸುತ್ತ ಹಲ್ಲು ಬೇರೆ."

"ಒಸಿ ಒತ್ತು."

ರಂಜಿತಾ ಒಸಿ ಒತ್ತಿದಳು. ಬೆಳ್ಳಿ ನಾಬು ಟಪ್ಪೆಂದು ಸೀಳಿತು.

ಆಮೇಲೆ ರಂಜಿತಾ ಮೊಬೈಲಿನಲ್ಲೇ ಹುಡುಕಿ ಒಂದು ಕಟ್ಟು ನಾಬು ತರಿಸಿದಳು. ಇವು ದುಂಡು ತೂತಿನವು, ಪಕ್ಕದಲ್ಲಿ ಬಿಗಿಮಾಡಲು ಸಣ್ಣ ಸ್ಕ್ರೂ. ಈ ಸಲ ಒಳಗೆ ಹೋಯಿತು, ಆದರೆ ಸಡಿಲ. ಸ್ಕ್ರೂ ಬಿಗಿದರೆ ನಾಬು ಒಂದು ಕಡೆಗೆ ವಾಲಿ, ಕಾಲು ಉಳುಕಿದವರಂತೆ ಕುಂಟಿಕೊಂಡು ತಿರುಗುತ್ತಿತ್ತು. ಎರಡು ದಿನಕ್ಕೆ ಅದೂ ಕಳಚಿ ಬಿತ್ತು. ಕಾಳಮ್ಮ ಸೋಲಲಿಲ್ಲ. ಟೂತ್‌ಪೇಸ್ಟಿನ ಮುಚ್ಚಳಕ್ಕೆ ಬಟ್ಟೆ ತುರುಕಿ ಸಿಕ್ಕಿಸಿದಳು. ದೇವರಾಜು ಅದನ್ನು ನೋಡಿ, ಮೆಲ್ಲಗೆ ತೆಗೆದು ಬಚ್ಚಲ ಗೂಡಿನಲ್ಲಿ ಪೇಸ್ಟಿನ ಪಕ್ಕ ಇಟ್ಟು ಬಂದ. ಬಂದವನು ಹೆಂಡತಿಯ ಕಡೆ ನೋಡಿ ನಕ್ಕ. ಅವನು ಹೀಗೆ ಕಣ್ಣು ಕಿರಿದುಮಾಡಿ ನಕ್ಕರೆ ಅವಳಿಗೆ ಹಲಸಿನ ಮರವೇ ಕಾಣುತ್ತಿತ್ತು. ಹೇಗಾದರೂ ನಾಬು ಹುಡುಕಲೇಬೇಕು ಎನಿಸಿತು.

ಸೀಳಿದ ನಾಬು ಹಿಡಿದು ಜಗಳಕ್ಕೆ ಬಂದವಳನ್ನು ಶಶಿಧರ ಸ್ಟೂಲು ಹಾಕಿ ಕೂರಿಸಿದ. "ಅಮ್ಮಾ, ಹಳೇ ಸೆಟ್ಟಿಗೆ ಹೊಸ ನಾಬು ಕೂರಲ್ಲ. ಪೊನ್ನಂಪೇಟೇಲಿ ಪೂವಯ್ಯ ಅಂತ ಒಬ್ರವ್ರೆ. ಹಳೇ ರೇಡಿಯೋ ಬಿಚ್ಚಿ ಡಬ್ಬಿಗಟ್ಲೆ ನಾಬು ಮಡಿಕ್ಕಂಡವ್ರೆ. ಅವರತ್ರ ಇಲ್ದಿದ್ರೆ ಎಲ್ಲೂ ಇಲ್ಲ. ಆದ್ರೆ ಅಳತೆ ತಗೊಂಡ್ ಹೋಗಿ, ಸುಮ್ನೆ ಹೋದ್ರೆ ವಾಪಸ್ ಕಳಿಸ್ತಾರೆ."

ಅಳತೆ ಹೇಗೆ ತೆಗೆಯುವುದು? ಸ್ಕೇಲು ಹಿಡಿದರೆ ಹಲ್ಲಿನ ಲೆಕ್ಕ ಸಿಗುವುದಿಲ್ಲ. ಯೋಚಿಸಿ ಯೋಚಿಸಿ, ಬಟ್ಟೆ ಒಗೆಯುವಾಗ ಕೈಯಲ್ಲಿದ್ದ ಸೋಪು ನೋಡಿ ಅವಳಿಗೆ ಹೊಳೆಯಿತು. ನೆನೆದು ಮೆತ್ತಗಾದ ಸೋಪಿನ ತುಂಡನ್ನು ತಂದು, ಪ್ಲಗ್ಗು ಕಿತ್ತು, ಕಡ್ಡಿಗೆ ನೆಟ್ಟಗೆ ಒತ್ತಿ, ನೆಟ್ಟಗೆ ಎಳೆದಳು. ಹಲ್ಲು, ನಡುವಿನ ಸೀಳು, ಉದ್ದ ಎಲ್ಲ ಸೋಪಿನಲ್ಲಿ ಅಚ್ಚಾಗಿ ಕೂತಿತು. ನೆರಳಲ್ಲಿ ಒಣಗಿಸಿ ಬಾಳೆಲೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಸಿದ್ದಾಪುರ ದಾಟುವಾಗ ಎರಡೂ ಕಡೆ ತೋಟಗಳಲ್ಲಿ ಕಾಫಿಹಣ್ಣಿನ ಪಿಕ್ಕಿಂಗ್ ನಡೆದಿತ್ತು. ಬಸ್ಸಿನ ತುಂಬ ತೋಟದ ಕೂಲಿ ಲೈನುಮನೆಗಳ ಹೆಂಗಸರು, ತಮಿಳು, ಮಲಯಾಳ, ಕನ್ನಡ ಎಲ್ಲ ಒಟ್ಟಿಗೆ. ಪಕ್ಕದವಳು ಮೂಗರಳಿಸಿ, "ಅಕ್ಕಾ, ಎಲೇಲಿ ಏನು ತಿಂಡಿ? ಸೋಪಿನ ವಾಸನೆ ಬರ್ತದಲ್ಲ" ಎಂದಳು. "ಸೋಪೇ ಕಣಮ್ಮ" ಎಂದು ಕಾಳಮ್ಮ ಕಿಟಕಿಯಾಚೆ ನೋಡಿದಳು.

ಪೂವಯ್ಯನವರ ಅಂಗಡಿ ಪೊನ್ನಂಪೇಟೆಯ ಪೇಟೆಬೀದಿಯ ಕೊನೆಯಲ್ಲಿತ್ತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಗೋಡೆಯ ತುಂಬ ಬಿಸ್ಕತ್ತಿನ ಡಬ್ಬಿಗಳು. ಎಪ್ಪತ್ತರ ಆಸುಪಾಸಿನ ತೆಳ್ಳನೆ ಮನುಷ್ಯ, ಕೊಡಗಿನ ಪಶ್ಚಿಮದ ಕಡೆಯ, ಅರೆಭಾಷೆ ಆಡುವ ಗೌಡರು, ಬಿಳಿ ಅಂಗಿಯ ತೋಳು ಮಡಚಿ ಕೂತಿದ್ದರು.

"ಎಂಥ ಬೇಕಿತ್ತಮ್ಮ?"

ಕಾಳಮ್ಮ ಎಲೆ ಬಿಚ್ಚಿದಳು. ಪೂವಯ್ಯ ಸೋಪನ್ನೂ ಅವಳನ್ನೂ ನೋಡಿದರು. ಮತ್ತೆ ಸೋಪನ್ನು ನೋಡಿದರು. ಆಮೇಲೆ ಭುಜ ಕುಲುಕಿಸಿ ನಗತೊಡಗಿದರು.

"ಮೂವತ್ತು ವರ್ಷ ಆಯ್ತು ನಾನು ಈ ಕೆಲ್ಸ ಮಾಡ್ಲಿಕ್ಕೆ ಶುರುಮಾಡಿ. ಜನ ಫೋಟೋ ತರ್ತಾರೆ, ದಾರದಲ್ಲಿ ಅಳತೆ ತರ್ತಾರೆ. ಸೋಪು ತಂದದ್ದು ನೀವೇ ಮೊದಲು ಮಾರಾಯ್ರೆ!"

"ಉಪಯೋಗಕ್ಕೆ ಬತ್ತದಾ? ಸೊಸೆ ಮೊಬೈಲಲ್ಲಿ ತರಿಸಿದ್ದು ಸಡ್ಲ ಆಗೋಯ್ತು."

"ಬಾರದೆ ಏನು. ಚಂದ ಉಂಟು." ಅವರು ಭೂತಗನ್ನಡಿ ಹಿಡಿದು ಒಳಗೆ ಇಣುಕಿದರು. "ದುಂಡು ಶಾಫ್ಟು, ಆರು ಎಂಎಂ, ನಡುವೆ ಸೀಳು, ನಯ ಹಲ್ಲು. ನಿಮ್ಮ ಸೊಸೆ ತರಿಸಿದ್ದು ಕಾಲಿಂಚಿನದ್ದಾಗಿರ್ಬೇಕು. ಕಾಲಿಂಚು ಅಂದ್ರೆ ಇದಕ್ಕಿಂತ ಒಂದು ಚೂರೇ ಚೂರು ದಪ್ಪ. ಕಣ್ಣಿಗೆ ಕಾಣೂದಿಲ್ಲ, ನಾಬಿಗೆ ಗೊತ್ತಾಗ್ತದೆ." ಹಾಗೆನ್ನುತ್ತಲೇ ಅವರ ನಗು ನಿಂತಿತು. "ಆದ್ರೆ ಇಲ್ಲಿ ನೋಡಿ, ಈ ಪಕ್ಕ ಹಲ್ಲೇ ಇಲ್ಲ. ಇಕ್ಕಳದಲ್ಲಿ ಕಚ್ಚಿದ್ದಾರಾ?"

"ನಮ್ಮೆಜಮಾನ್ರು."

"ಹಾಗಾದ್ರೆ ಈಗ ಸರಿಯಾದ ನಾಬು ಕೊಟ್ರೂ ಕೂರೂದಿಲ್ಲ. ಒಳಗಿನ ಕಂಟ್ರೋಲೇ ಬದಲಿಸ್ಬೇಕು. ಸೆಟ್ಟು ತನ್ನಿ. ಯಜಮಾನ್ರನ್ನೂ ಕರ್ಕೊಂಡು ಬನ್ನಿ, ಇಕ್ಕಳ ಮನೇಲಿಟ್ಟು."

ಕಾಳಮ್ಮ ಬರಿಗೈಯಲ್ಲಿ ಹಿಂತಿರುಗಿದರೂ ಮನಸ್ಸು ಹಗುರವಾಗಿತ್ತು.

ಅದೇ ವಾರ ಧರ್ಮೇಶನಿಗೆ ಬಾಳೆಲೆ ಎಂಬ ಊರಿನಲ್ಲಿ ಯಾರಿಗೋ ಬಿತ್ತನೆ ಶುಂಠಿ ಕೊಡುವುದಿತ್ತು. ಪಿಕಪ್ಪಿನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಪೊನ್ನಂಪೇಟೆಯಲ್ಲಿ ಇಳಿಸಿ ಮುಂದೆ ಹೋದ. ದೇವರಾಜು ದಾರಿಯುದ್ದಕ್ಕೂ ಕಂಬಳಿಯಲ್ಲಿ ಸುತ್ತಿದ ಆಂಪ್ಲಿಫೈಯರನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡಿದ್ದ.

ಕಂಬಳಿ ಬಿಚ್ಚಿದ ಕೂಡಲೆ ಇಬ್ಬರು ಗಂಡಸರೂ ಹಳೆಯ ನೆಂಟರಾಗಿಬಿಟ್ಟರು. ಪೂವಯ್ಯ ಹೊದಿಕೆ ಬಿಚ್ಚಿ ಒಳಗಿನ ಧೂಳು ಊದಿದರು, ದೇವರಾಜು ಬಗ್ಗಿ ಬೆರಳು ತೋರಿಸಿದ. ಪೂವಯ್ಯ ಇಕ್ಕಳ ಕಚ್ಚಿದ ಕಂಟ್ರೋಲನ್ನು ಬೆಸುಗೆ ಬಿಡಿಸಿ ಹೊರತೆಗೆದು, ಡಬ್ಬಿಯಿಂದ ಅದೇ ಜಾತಿಯದೊಂದನ್ನು ಹುಡುಕಿ ತೆಗೆದರು. ಅದರ ಶಾಫ್ಟು ಉದ್ದವಾಗಿತ್ತು. ಉಳಿದ ನಾಲ್ಕರ ಉದ್ದಕ್ಕೆ ಗುರುತು ಹಾಕಿ, ತುದಿಯನ್ನು ವೈಸಿನಲ್ಲಿ ಹಿಡಿದು ಗರಗಸದಲ್ಲಿ ಕೊಯ್ದು ಅರದಿಂದ ಉಜ್ಜಿದರು. ಇಲ್ಲದಿದ್ದರೆ ನಾಬು ಮೂತಿ ಮುಂದೆ ಚಾಚಿಕೊಂಡು ನಿಲ್ಲುತ್ತದೆ ಎಂದರು.

ಆಮೇಲೆ ಶುರುವಾಯಿತು ನಾಬಿನ ಹುಡುಕಾಟ. ಡಬ್ಬಿಯ ಮೇಲೆ ಡಬ್ಬಿ ಮೇಜಿನ ಮೇಲೆ ಸುರಿಯಿತು. ದಂತದ ಬಣ್ಣದವು, ಕಪ್ಪಿನವು, ಅಂಚಿಗೆ ಹಿತ್ತಾಳೆ ಬಳೆ ತೊಟ್ಟವು, ಹೂವಿನಂತೆ ಏಣು ಇದ್ದವು. ಕಾಳಮ್ಮನಿಗೆ ಬಳೆಗಾರನ ಮಲಾರ ಬಿಚ್ಚಿದಂತಾಯಿತು. ಅವಳೂ ಕೈಹಾಕಿದಳು. ಒಂದು ಕಂದು ನಾಬು ಬಣ್ಣಕ್ಕೆ ಹೊಂದಿತು, ಹಲ್ಲು ಒರಟು. ಇನ್ನೊಂದಕ್ಕೆ ಹಲ್ಲು ಹೊಂದಿತು, ಎತ್ತರ ಕಡಿಮೆ. ಮತ್ತೊಂದು ಎಲ್ಲದಕ್ಕೂ ಹೊಂದಿ, ಕೂರಿಸಿದ ಮೇಲೆ ಮುಖದ ತಗಡಿಗೆ ಉಜ್ಜತೊಡಗಿತು. ಕೊನೆಗೆ ಕಾಳಮ್ಮನ ಕೈಗೆ ಸಿಕ್ಕಿದ್ದೊಂದನ್ನು ಪೂವಯ್ಯ ಶಾಫ್ಟಿಗೆ ಇಟ್ಟು ಹೆಬ್ಬೆರಳಿನಲ್ಲಿ ಒತ್ತಿದರು. ಮೆಲ್ಲಗೆ, ಗಾಳಿ ಹೊರಬಿಟ್ಟಂಥ ಸದ್ದುಮಾಡಿ ಅದು ಕೂತುಕೊಂಡಿತು. ದೇವರಾಜು ತಿರುಗಿಸಿ ನೋಡಿದ. ಅಲುಗಾಟವಿಲ್ಲ, ಉಜ್ಜಾಟವಿಲ್ಲ. ಬಿಳಿ ಗೆರೆ ಮಾತ್ರ ವಯಸ್ಸಾಗಿ ಹಳದಿಗೆ ತಿರುಗಿತ್ತು.

"ಹಲ್ಲಿದ್ದಂಗೆ, ನಂದೂ ಹಳದೀನೇ" ಎಂದು ದೇವರಾಜು ಖುಷಿಯಲ್ಲಿ ಬಾಯಿ ತೆರೆದು ತೋರಿಸಿದ.

"ಹೇಗೂ ಬಿಚ್ಚಿದ್ದೇನೆ, ಉಳಿದದ್ದೂ ಕ್ಲೀನ್ ಮಾಡಿಕೊಡ್ತೇನೆ" ಎಂದು ಪೂವಯ್ಯ ಒಂದೊಂದೇ ನಾಬು ಎಳೆದು, ಒಳಗೆ ಎಣ್ಣೆ ಬಿಟ್ಟು, ಕಡ್ಡಿಯನ್ನು ಆಚೀಚೆ ತಿರುಗಿಸತೊಡಗಿದರು. ಟ್ರೆಬಲಿಗೆ ಬಂದಾಗ ಅವರ ಕೈ ನಿಂತಿತು. ನಾಬನ್ನು ಮತ್ತೆ ಹಾಕಿ ನೋಡಿದರು, ತೆಗೆದು ನೋಡಿದರು.

"ಇದು ವಿಚಿತ್ರ ಉಂಟಲ್ಲ. ಗೆರೆ ನಡುವಿಗೆ ನಿಂತಿದೆ, ಒಳಗೆ ನೋಡಿದ್ರೆ ಫುಲ್ಲು. ಹಲ್ಲಿನ ಶಾಫ್ಟು ಅಲ್ವಾ, ಹೇಗೆ ಬೇಕಾದ್ರೂ ಕೂರಿಸ್ಬಹುದು. ಯಾರೋ ಫುಲ್ಲಿಗೆ ತಿರುಗಿಸಿ, ನಾಬು ಕಿತ್ತು, ಗೆರೆ ನಡುವಿಗೆ ಬರೋ ಹಾಗೆ ಸಿಕ್ಕಿಸಿದ್ದಾರೆ."

ಅವರು ಅದನ್ನು ಸೆಟ್ಟಿನ ಮುಖ ನೋಡಿಕೊಂಡೇ ಹೇಳಿದ್ದರು. ದೇವರಾಜುವಿಗೆ ಅದು ಕೇಳಿಸಿರಲಿಲ್ಲ. ಅವನು ಇನ್ನೂ ಹಳದಿ ಗೆರೆಯ ನಾಬನ್ನು ನೋಡಿ ನಗುತ್ತಿದ್ದ. ಪೂವಯ್ಯ ತಲೆ ಎತ್ತಿ, ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಟ್ರೆಬಲ್ ನಾಬನ್ನು ಎತ್ತಿ ಅವನ ಕಣ್ಣೆದುರು ಹಿಡಿದು, ಹುಬ್ಬು ಹಾರಿಸಿದರು.

ದೇವರಾಜುವಿನ ನಗು ಹಾಗೇ ಇಳಿದುಹೋಯಿತು. ಬೆಲ್ಲದ ಡಬ್ಬಿಯಲ್ಲಿ ಕೈಯಿಟ್ಟಾಗ ಸಿಕ್ಕಿಬಿದ್ದ ಹುಡುಗನ ಮುಖವಾಯಿತು ಅದು. ಅವನು ಪೂವಯ್ಯನವರನ್ನು ನೋಡಲಿಲ್ಲ, ಹೆಂಡತಿಯ ಕಡೆ ನೋಡಿದ, ತಕ್ಷಣ ಕಣ್ಣು ತಪ್ಪಿಸಿದ.

"ಅಮ್ಮ, ನೀವು ಅಂಗಡಿ ನೋಡ್ಕೊಳ್ಳಿ. ನಾವು ಒಂದು ಚಾ ಕುಡಿದು ಬರ್ತೇವೆ" ಎಂದು ಪೂವಯ್ಯ ಎದ್ದು, ದೇವರಾಜುವಿನ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು.

ಚಾ ಅಂಗಡಿ ಎದುರಿಗೇ ಇತ್ತು. ಕಾಳಮ್ಮ ನಾಬುಗಳ ರಾಶಿಯ ಮುಂದೆ ಕೂತು ರಸ್ತೆಯಾಚೆ ನೋಡಿದಳು. ಇಬ್ಬರೂ ಲೋಟ ಹಿಡಿದು ನಿಂತಿದ್ದರು. ಪೂವಯ್ಯ ಏನೋ ಹೇಳುತ್ತಿದ್ದರು, ದೇವರಾಜು ತಲೆ ತಗ್ಗಿಸಿದ್ದ. ಆಮೇಲೆ ಪೂವಯ್ಯ ಲೋಟ ಕೆಳಗಿಟ್ಟು, ತಮ್ಮ ಕಿವಿಯ ಹಿಂದೆ ಕೈಹಾಕಿ ಏನೋ ಸಣ್ಣದೊಂದನ್ನು ಬಿಡಿಸಿ ದೇವರಾಜುವಿನ ಅಂಗೈಯಲ್ಲಿಟ್ಟರು. ಇಷ್ಟು ಹೊತ್ತು ಎದುರಿಗೇ ಕೂತಿದ್ದರೂ ಕೂದಲ ಮರೆಯ ಆ ಕಿವಿಯ ಮಿಷನ್ನನ್ನು ಅವಳು ಕಂಡಿರಲಿಲ್ಲ. ದೇವರಾಜು ಅದನ್ನು ಕಣ್ಣಿನ ಹತ್ತಿರ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ.

ಕಾಳಮ್ಮನಿಗೆ ಆಗ ಒಂದೊಂದಾಗಿ ತಿಳಿಯುತ್ತಾ ಬಂತು. ಏರುತ್ತಾ ಹೋದ ಸದ್ದು. ಹ್ಞೂಂ, ಹ್ಞೂಂ ಎನ್ನುವ ಉತ್ತರ. ಅವಳು ಹಿಂದಿನಿಂದ ಕರೆದರೆ ತಿರುಗದವನು, ಅವಳೇ ಮುಂದೆ ಬಂದು ನಿಂತರೆ ನಗುತ್ತಿದ್ದದ್ದು. ಕೊಬ್ಬು ಎಂದುಕೊಂಡಿದ್ದಳು. ನಾಬು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರೆದಿದ್ದಳು. ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಯಾರೋ ರಿಮೋಟು ರಿಪೇರಿಗೆಂದು ಬಂದವರಿಗೆ, "ಚಾಗೆ ಹೋಗವ್ರೆ, ಕೂತ್ಕಳಿ" ಎಂದಳು.

ಪೂವಯ್ಯ ಹಿಂತಿರುಗಿ ಬಂದು ಮಾಮೂಲಿನಂತೆ ನಾಬುಗಳನ್ನೆಲ್ಲ ಸಿಕ್ಕಿಸಿದರು. ಟ್ರೆಬಲನ್ನು ಮಾತ್ರ ಕೈಯಲ್ಲಿ ಹಿಡಿದು, ದೇವರಾಜುವಿನ ಮುಖಕ್ಕೆ ನೇರವಾಗಿ, ಬಿಡಿಸಿ ಬಿಡಿಸಿ ಕೇಳಿದರು. "ಇದನ್ನು ಹೇಗೆ ಹಾಕ್ಲಿ? ಇದ್ದ ಹಾಗೋ, ಸರಿಯಾಗಿಯೋ?"

ದೇವರಾಜು ಕೈ ಚಾಚಿ ನಾಬಿನ ಬಿಳಿ ಗೆರೆಯನ್ನು ಒಮ್ಮೆ ಮುಟ್ಟಿದ. "ಸರಿಯಾಗೇ ಹಾಕಿ" ಎಂದ.

ಧರ್ಮೇಶ್ ಬರುವುದು ತಡವಾಗುತ್ತಿತ್ತು, ಇಬ್ಬರೂ ಬಸ್ಸು ಹಿಡಿದರು. ವಾಪಸ್ಸು ಹೋಗುವಾಗ ಬಸ್ಸಿನಲ್ಲಿ ಅವನೇ ಮಾತು ತೆಗೆದ. "ಕೋಣನ ಕೂಗು ಕೇಳ್ತದೆ ಕಾಳಿ. ಲಾರಿ ಕೇಳ್ತದೆ. ಸಣ್ಣ ದನಿ, ಹಕ್ಕಿ, ಫೋನು, ನಿನ್ನ ಮಾತು... ಅದೇ ಹೋಯ್ತು ಮೊದ್ಲು. ಟ್ರೆಬಲ್ ಏರಿಸಿದ್ರೆ ಹಾಡಾದ್ರೂ ಕೇಳ್ತಿತ್ತು. ಹಳೇ ಮೈಕಿನೋರು ಯಾರಾರ ಮನೆಗೆ ಬಂದು ಗೆರೆ ಫುಲ್ಲಲ್ಲಿ ನೋಡಿದ್ರೆ ಗೊತ್ತಾಗೋಯ್ತದೆ, ಮೈಕ್‌ಸೆಟ್ ದೇವರಾಜೂಗೆ ಕಿವಿ ಹೋಗದೆ ಅಂತ."

ಕಾಳಮ್ಮ ಅವನ ಮುಖವನ್ನು ತನ್ನ ಕಡೆ ತಿರುಗಿಸಿ, "ನಂಗೆ ಹೇಳಕ್ಕೇನಾಗಿತ್ತು?" ಎಂದಳು.

"ನೀನು ಮರದ ಕೆಳಗೆ ನಿಂತು ಬೈದಿದ್ದೇ ಕೇಳಿಸ್ಕಂಡು ಬಂದೋನು ನಾನು. ಈಗ ಕೇಳಲ್ಲ ಅಂತ ಹೆಂಗೆ ಹೇಳ್ಲಿ?"

ಅವಳು ಆಂಪ್ಲಿಫೈಯರಿನ ಕಂಬಳಿಯನ್ನು ಸರಿಮಾಡಿದಳು.

ಪೂವಯ್ಯ ಮೈಸೂರಿನಲ್ಲಿ ತಾವು ತೋರಿಸಿಕೊಂಡ ಡಾಕ್ಟರ ಗುರುತು ಹೇಳಿದ್ದರು. ದೇವರಾಜು ಮೊದಲು ಒಪ್ಪಲಿಲ್ಲ. ಶುಂಠಿ ಕೆಲಸ ಮುಗಿಯಲಿ ಎಂದ, ಯುಗಾದಿ ಕಳೆಯಲಿ ಎಂದ. ಕಾಳಮ್ಮ ಜಗಳವಾಡಲಿಲ್ಲ. ಹೊಸ ನಾಬನ್ನು ಕೀಳಲೂ ಇಲ್ಲ. ಅವನು ಎಷ್ಟು ಸದ್ದು ಇಟ್ಟುಕೊಂಡರೂ ಸುಮ್ಮನಿದ್ದು, ಏನಾದರೂ ಹೇಳುವುದಿದ್ದರೆ ಎದುರು ಬಂದು ನಿಂತು ಮುಖ ನೋಡಿ ಹೇಳತೊಡಗಿದಳು. ರಂಜಿತಾಳಿಗೂ ಹಾಗೇ ಮಾಡಲು ಹೇಳಿದಳು. ಧರ್ಮೇಶನೂ ಬಂದು ಎದುರು ನಿಂತು ಊಟಕ್ಕೆ ಕರೆದಾಗ ದೇವರಾಜುವಿಗೆ ತಡೆಯಲಾಗಲಿಲ್ಲ. "ಎಲ್ಲಾರೂ ನಂಗೆ ಪೂಜೆ ಮಾಡೋರಂಗೆ ನಿಂತ್ಕತೀರಲ್ಲ! ನಡೀ, ಮೈಸೂರಿಗೆ ಹೋಗದ" ಎಂದ.

ಅಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ ಕೀಂ ಕೀಂ ಎನ್ನಿಸಿ ಪರೀಕ್ಷೆ ಮಾಡಿದರು. ಇನ್ನೊಂದು ಸಲ ಬರಹೇಳಿ, ಕಿವಿಗೆ ಅಳತೆ ಮಾಡಿದ ಮಿಷನ್ ಕೂರಿಸಿ ಕಳಿಸಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ದೇವರಾಜು ಗಾಬರಿಯಾಗಿ ನಿಂತುಬಿಟ್ಟ. "ಅದೇನದು ಸರಸರ?" ಎಂದ. ಕಾಳಮ್ಮನ ಸೀರೆಯ ನೆರಿಗೆಯ ಸದ್ದು ಅದು.

ಕುಶಾಲನಗರದ ಬಸ್ಸಿನಲ್ಲಿ ಹುಣಸೂರು ದಾಟುವವರೆಗೂ ಅವನು ಪ್ರತಿಯೊಂದನ್ನೂ ಕೇಳುತ್ತಾ ಬಂದ. ಕಂಡಕ್ಟರನ ಚಿಲ್ಲರೆ, ಹಿಂದಿನ ಸೀಟಿನ ಮಗುವಿನ ಗೊಣಗಾಟ, ಕಿಟಕಿಯ ಗಾಜಿನ ಗಡಗಡ. ಆಮೇಲೆ ಇದ್ದಕ್ಕಿದ್ದಂತೆ ಹೆಂಡತಿಯ ಕಡೆ ತಿರುಗಿದ.

"ಕಾಳಿ, ಎರಡು ವರ್ಷದಿಂದ ನೀನು ಹೇಳಿದ್ದಕ್ಕೆಲ್ಲ ಹ್ಞೂಂ ಅಂದ್ಕಂಡು ಬಂದಿವ್ನಿ. ಏನೇನಕ್ಕೆ ಹ್ಞೂಂ ಅಂದೆ?"

ಕಾಳಮ್ಮನಿಗೆ ನಗು ಉಕ್ಕಿತು. "ಹಿತ್ಲು ಕಡೆ ಜಾಗ ನನ್ನ ತಮ್ಮನಿಗೆ ಶುಂಠಿ ಹಾಕಕ್ಕೆ ಕೊಡ್ಲಾ ಅಂದೆ, ಹ್ಞೂಂ ಅಂದ್ರಿ."

"ಅದಕ್ಕಾ ಅವನು ಬಂದು ಮಡಿ ಮಾಡ್ದಾಗ ನಾನು ಬೆರಗಾಗಿದ್ದು!"

"ಕಂದು ಹಸ ಮಾರಣ ಅಂದೆ, ಹ್ಞೂಂ ಅಂದ್ರಿ. ಮಾರಿದ ಮೇಲೆ ಮೂರು ದಿನ ಊಟ ಬಿಟ್ರಿ."

"ಇನ್ನೇನು?"

ಅವಳು ಕಿಟಕಿಯಾಚೆ ನೋಡಿದಳು. ಹೊರಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ಹಿಂದೆ ಹಿಂದೆ ಸರಿಯುತ್ತಿದ್ದವು.

"ಹೋದ ಮಳೆಗಾಲ ನಂಗೆ ಜ್ವರ ಬಂದು ವಾಸಿಯಾಯ್ತಲ್ಲ. ಎದ್ದ ಮೇಲೆ ಒಂದಿನ ಅಂಗಳದಲ್ಲಿ ಶುಂಠಿ ಆರಿಸ್ತಾ ಕೇಳಿದ್ದೆ. ನಾನು ಮೊದ್ಲು ಹೋಗ್ಬಿಟ್ರೆ ಏನು ಮಾಡ್ತೀರಿ ಅಂತ."

"ನಾನೇನಂದೆ?"

"ಹ್ಞೂಂ, ಹೋಗ್ಬಾ. ಬರ್ತಾ ಟಾರ್ಚಿಗೆ ಸೆಲ್ಲು ತಗಂಬಾ ಅಂದ್ರಿ."

ದೇವರಾಜು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಅವನಿಗೆ ಬಂದ ನಗು ಎಂಥದೆಂದರೆ, ಹೊಟ್ಟೆ ಹಿಡಿದುಕೊಂಡು ಮುಂದಿನ ಸೀಟಿಗೆ ಹಣೆ ಆನಿಸಿದ. ಕಾಳಮ್ಮ ಗಂಭೀರವಾಗಿರಲು ನೋಡಿದಳು. ಆಗಲಿಲ್ಲ. ಅವಳೂ ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಕಂಡಕ್ಟರು ತಿರುಗಿ ನೋಡಿದ.

"ಅವತ್ತಿಂದ್ಲೇ ನಾ ನಿಮ್ ನಾಬು ಕೀಳಕ್ಕೆ ಶುರುಮಾಡಿದ್ದು" ಎಂದಳು ಅವಳು, ಉಸಿರು ಸಿಕ್ಕಿದ ಮೇಲೆ.

"ಈಗ ಕೇಳು ಮತ್ತೆ."

"ಥೂ, ಬಸ್ಸಲ್ಲಿ ಜನ ಅವ್ರೆ. ಸುಮ್ನಿರಿ."

ಅವನು ಸುಮ್ಮನಾದ. ಬೈಲುಕುಪ್ಪೆ ಬಂತು, ಕೊಪ್ಪ ಬಂತು, ಬಸ್ಸು ಕಾವೇರಿ ಸೇತುವೆ ಹತ್ತಿತು. ಕುಶಾಲನಗರದಲ್ಲಿ ಇಳಿದರೆ ಊರಿನ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಸಿಮೆಂಟಿನ ಬೆಂಚಿನ ಮೇಲೆ ಕೂತರು. ದೇವರಾಜು ಕಿವಿಯ ಮಿಷನ್ನನ್ನು ಬೆರಳ ತುದಿಯಲ್ಲಿ ಮುಟ್ಟಿಕೊಂಡ.

"ನೀನು ಮೊದ್ಲು ಹೋದ್ರೆ" ಎಂದ, ಎದುರಿನ ಬಸ್ಸಿನ ಬೋರ್ಡು ಓದುವವನಂತೆ, "ಇದನ್ನ ತೆಗ್ದು ಡಬ್ಬೀಗೆ ಹಾಕಿಡ್ತೀನಿ ಅಷ್ಟೆ."

ಕಾಳಮ್ಮ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಹಂಗೆಲ್ಲ ಮಾಡ್ಬೇಡಿ" ಎಂದಳು ಆಮೇಲೆ. ಎದುರು ಬಂದು ನಿಲ್ಲದೆ, ಪಕ್ಕದಲ್ಲೇ ಕೂತು, ತನ್ನ ಮಾಮೂಲಿ ದನಿಯಲ್ಲೇ ಹೇಳಿದಳು. "ರಂಜಿತಾ ಊಟಕ್ಕೆ ಕರೆದ್ರೆ ಕೇಳಿಸ್ಬೇಕಲ್ಲ."

"ಕೇಳಿಸ್ತು" ಎಂದ ದೇವರಾಜು.

ಊರಿನ ಬಸ್ಸು ಬಂತು. ಜನ ನುಗ್ಗಿದರು. ಅವನು ಮೊದಲು ಹತ್ತಿ, ಕಿಟಕಿಯ ಪಕ್ಕದ ಸೀಟಿಗೆ ಟವಲು ಹಾಕಿ, ಅವಳ ಕೈಚೀಲಕ್ಕೆ ಕೈ ಚಾಚಿದ.